ತೊಟ್ಟಿಗೆ ಆರಡಿ

ಮೂವತ್ತೊಂದು ವರ್ಷ ಬಾಯ್ಲರಿನ ಬಾಯಿಗೆ
ಕಬ್ಬಿನ ರಚ್ಚು ಉಣಿಸಿದವನು ನಾನು.
ಬಿಸಿಯೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಅದು ಮೊದಲು ರೆಪ್ಪೆಗೆ ಬರುತ್ತದೆ, ಆಮೇಲೆ ಹಲ್ಲಿಗೆ.
ಪಾಳಿ ಮುಗಿದ ಮೇಲೂ ಬೆಲ್ಟಿನ ಬಕಲ್ಲಿನಲ್ಲಿ ಕೂತು
ಸೈಕಲ್ಲಿನ ಮೇಲೆ ಮನೆತನಕ ಬರುತ್ತದೆ.

ಬಂದರೆ ಅಲ್ಲಿ ಇನ್ನೊಂದು ಬಾಯ್ಲರು:
ಬಾಡಿಗೆಯ ಮೋಲ್ಡು ಮನೆ. ರಾತ್ರಿ ಹನ್ನೊಂದಕ್ಕೂ ಫ್ಯಾನು
ಮೇಲಿನ ಬಿಸಿಯನ್ನೇ ಕಡೆದು ಕಡೆದು
ಕೆಳಗೆ ಬಡಿಸುತ್ತಿತ್ತು.

ನಿವೃತ್ತಿಯ ದುಡ್ಡಿಗೆ ಗುತ್ತಲಿನ ಆಚೆ ಒಂದು ಮೂವತ್ತು ನಲವತ್ತು.
ಫಿಟರ್ ಮಕ್ಬೂಲನ ಸೊಸೆ ತಸ್ನೀಮ್ ಇಂಜಿನಿಯರು,
ನಕ್ಷೆ ಬಿಡಿಸಿ ನಟ್ಟನಡುವೆ ಒಂದು ಚೌಕ ಖಾಲಿ ಬಿಟ್ಟಳು.
‘ಇದೇನಮ್ಮ?’
‘ತೊಟ್ಟಿ, ಅಂಕಲ್. ಆರಡಿಗೆ ಆರಡಿ. ಬಿಸಿಗಾಳಿ ಮೇಲಕ್ಕೆ ಹೋಗೋಕೆ.’
‘ಅಂದ್ರೆ ಆಕಾಶಕ್ಕೂ ಸೈಟಿನ ರೇಟು ಕಟ್ಬೇಕಾ ನಾನು?’
ತೊಟ್ಟಿಮನೆ ಅಂದರೆ ಪಟೇಲರದು.
ಅವರ ತೊಟ್ಟಿಯನ್ನು ನಾವು ನೋಡಿದ್ದು
ಹೊರಬಾಗಿಲಲ್ಲಿ ನಿಂತು, ಕೂಲಿ ಕೈಗೆ ಬೀಳುವಷ್ಟು ಹೊತ್ತು.

ಮಣ್ಣಿನ ಇಟ್ಟಿಗೆ ಎಂದಾಗ ಮಾತ್ರ ಎದ್ದೇ ಬಂದೆ.
ಮಣ್ಣುಗೋಡೆ ಗೊತ್ತು ನನಗೆ.
ಕೆರಗೋಡಿನ ಕೇರಿಯ ನಮ್ಮ ಗುಡ್ಲಲ್ಲಿ ಒಂದು ಮಳೆರಾತ್ರಿ
ಬೆಳಕು ಹರಿಯುವ ತನಕ ಅಪ್ಪ ಬೆನ್ನು ಕೊಟ್ಟು
ಗೋಡೆ ಹಿಡಿದು ನಿಂತಿದ್ದ.
ಸಿಮೆಂಟು ಅಂದರೆ ನಮಗೆ ಬರೀ ಸಿಮೆಂಟಲ್ಲ,
ಊರ ನಡುವೆ ಚಪ್ಪಲಿ ಮೆಟ್ಟಿ ನಡೆದಷ್ಟು.

ನನ್ನವಳು ಚಿಕ್ಕತಾಯಿ ಅಕ್ಕಿ ಆರಿಸುತ್ತಾ ಕೇಳಿದಳು:
‘ಬಡತನ ಇದ್ದದ್ದು ಆ ಮಣ್ಣಿಗಾ, ನಮಗಾ?’

ಸಂಪಿಗೆ ತೋಡಿದ ಮಣ್ಣೇ ಗೋಡೆಗೆ.
ನೂರಕ್ಕೆ ಏಳು ಪಾಲು ಸಿಮೆಂಟು, ಒಂದಿಷ್ಟು ಬೂದಿ,
ಅದೂ ನಮ್ಮ ಬಾಯ್ಲರಿನದೇ. ಗೇಟಿನಲ್ಲಿ ಮುಖ ನೋಡಿ ಪುಕ್ಕಟೆ ಬಿಟ್ಟರು.
ಮೆಷಿನ್ನಿನ ಹಿಡಿಗೆ ಇಬ್ಬರು ಜೋತುಬಿದ್ದರೆ ಒಂದು ಇಟ್ಟಿಗೆ.
ಗೋಣಿತಾಟು ಹೊದಿಸಿ, ನೀರು ಕುಡಿಸಿ,
ಅವಕ್ಕೆ ಬಾಣಂತನ ಮಾಡಿದವಳು ಚಿಕ್ಕತಾಯಿ.

ಮೇಲೆ, ಕಂಬಿಗಳ ಚೌಕದೊಳಗೆ ಜೋಡಿ ಜೋಡಿ ಹಳೇ ಹೆಂಚು,
ಎರಡರ ನಡುವೆ ಒಂದು ಗುಟುಕು ಗಾಳಿ, ಆಮೇಲೆ ಕಾಂಕ್ರೀಟು.
ಸೆಂಟ್ರಿಂಗ್ ಮಾದೇಶ ನಗಾಡಿದ:
‘ಹೆಂಚಿನ ಮೇಲೆ ಮೋಲ್ಡಾ ಅಣ್ಣೋ,
ಪಂಚೆ ಮೇಲೆ ಪ್ಯಾಂಟು ಹಾಕ್ದಂಗಾಯ್ತಲ್ಲ!’

ಒಳಗೋಡೆಗೆ ಸುಣ್ಣದ ಗಾರೆ, ಗಾರೆಗೆ ಬೆಲ್ಲದ ನೀರು.
ಮೂರು ರಾತ್ರಿ ಗೋಡೆಯುದ್ದ ಇರುವೆಯ ಸಾಲು.
ಮಂಡ್ಯದ ಗೋಡೆ ತಾನೆ, ನೆಕ್ಕಿಕೊಳ್ಳಲಿ ಬಿಡು ಅಂದುಕೊಂಡೆ.

ಎಲ್ಲ ಸರಿಹೋಯಿತು ಅಂತಲ್ಲ.
ಪಡುವಲಿಗೆ ಕಿಟಕಿ ಬೇಡ ಅಂದಿದ್ದಳು ಹುಡುಗಿ.
ರೋಡು ಕಾಣಲಿ ಅಂತ ನಾನೇ ಹಟ ಹಿಡಿದು ಇಡಿಸಿದೆ.
ಈಗ ಮೂರು ಗಂಟೆಗೆ ಸರಿಯಾಗಿ ಅಲ್ಲಿ
ಯಾರೋ ಬಾಯ್ಲರಿನ ಬಾಗಿಲು ತೆಗೆಯುತ್ತಾರೆ.
ಲಾವಂಚದ ತಟ್ಟಿ ಕಟ್ಟಿದ್ದೇನೆ. ನೀರು ಚಿಮುಕಿಸುವುದು
ಶಿಕ್ಷೆಯ ಹಾಗೆ, ನನ್ನದೇ ಪಾಳಿ.

ಇದು ಏಪ್ರಿಲ್ಲು. ಪಕ್ಕದ ಮನೆಯ ಏಸಿ
ತನ್ನ ಬಿಸಿಯನ್ನೆಲ್ಲ ನಮ್ಮ ಕಾಂಪೌಂಡಿಗೆ ಉಗಿಯುತ್ತದೆ.
ತೊಟ್ಟಿಯ ಅಂಚಿನಲ್ಲಿ, ಕೆಂಪು ಗಾರೆನೆಲದ ಮೇಲೆ
ಅಂಗಿ ಬಿಚ್ಚಿ ಒರಗಿದ್ದೇನೆ.
ಬಿಸಿಲು ಒಳಗೆ ಬಂದಿದೆ, ಬಂದು ಆರಡಿಯೊಳಗೇ
ಕರೆಯದೆ ಬಂದ ನೆಂಟನಂತೆ ನಿಂತಿದೆ.
ಮೇಲೊಂದು ಚೌಕ ಆಕಾಶ, ದುಡ್ಡು ಕೊಟ್ಟು ತಂದದ್ದು.

ಏಳುವಾಗ ಗೋಡೆಗೆ ಕೈ ಚಾಚುತ್ತೇನೆ.
ಹಳೇ ಅಭ್ಯಾಸ:
ಮುಟ್ಟುವ ಮೊದಲೇ ಕೈ ಹಿಂದಕ್ಕೆ ಬರುತ್ತದೆ,
ಒಂದು ಗಳಿಗೆ ನಿಲ್ಲುತ್ತದೆ,
ಆಮೇಲೆ ಮುಟ್ಟುತ್ತದೆ.